ಏಳೂವರೆಯ ಆರಾಧನೆ

ಶುಕ್ರವಾರ ಸಂಜೆ ಚರ್ಚಿನ ಸೆಕ್ರೆಟರಿ ಸತ್ಯಪಾಲ್ ಚೇತನಾಳನ್ನು ಆಫೀಸು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ನಾಡಿದ್ದು ಗರಿಗಳ ಭಾನುವಾರ ನೀನೇ ಆರ್ಗನ್ ನುಡಿಸ್ಬೇಕಮ್ಮ. ಕಮಿಟೀಲಿ ತೀರ್ಮಾನ ಆಗಿದೆ."

"ಜಯದೇವಿ ಟೀಚರ್?"

"ಆರಾಧನೆ ಎಂಟೂವರೆ ಬದಲು ಏಳೂವರೆಗೆ ಇಟ್ಟಿದೀವಿ. ಗ್ರೂಪಲ್ಲಿ ಹಾಕಾಯ್ತು, ಅವರ ಹತ್ರ ವಾಟ್ಸಾಪ್ ಇಲ್ಲ. ಅವರು ಬರೋ ಹೊತ್ತಿಗೆ ಮುಕ್ಕಾಲು ಮುಗಿದಿರುತ್ತೆ. ಆರ್ಗನ್ ಬೀಗದ ಕೈ ಸಂಜೆ ಆರಾಧನೆಗೆ ಅಂತ ನಾಳೇನೇ ಅವರ ಹತ್ರ ಇಸ್ಕೊಂಡಿರು, ಬೇರೇನೂ ಹೇಳಕ್ಕೆ ಹೋಗ್ಬೇಡ."

ಚೇತನಾ ಹೊರಗೆ ಬಂದು ಸ್ಕೂಟಿ ಹತ್ತಿದಳು.

ಬಸವೇಶ್ವರನಗರದ ಆ ಸಣ್ಣ ಕನ್ನಡ ಚರ್ಚಿನಲ್ಲಿ ಜಯದೇವಿ ಟೀಚರ್ ಮೂವತ್ತೊಂದು ವರ್ಷದಿಂದ ಆರ್ಗನ್ ನುಡಿಸುತ್ತಿದ್ದರು. ಚೇತನಾಳಿಗೆ ಒಂಬತ್ತು ವರ್ಷವಾಗಿದ್ದಾಗ ಅವಳ ಬೆರಳು ನೋಡಿ, "ಇವಳನ್ನ ನನಗೆ ಬಿಡಿ" ಎಂದು ಅಮ್ಮನಿಗೆ ಹೇಳಿದವರು ಅವರೇ. ಆರ್ಗನ್ನಿನಲ್ಲಿ ಬೆರಳಿಂದ ಒತ್ತುವ ಮನೆಗಳು ಎರಡು ಸಾಲು, ಕಾಲಿಂದ ಒತ್ತುವವು ಇನ್ನೊಂದು ಸಾಲು. ಅವಳ ಮನೆಯಲ್ಲಿ ಆರ್ಗನ್ ಎಲ್ಲಿ ಬರಬೇಕು? ಟೀಚರ್ ಹೇಳಿಕೊಟ್ಟಂತೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತಿದ್ದಳು. "ಏನೇ ಅದು, ಹಿಟ್ಟು ಕುಟ್ತಿದೀಯಾ?" ಎಂದು ಕೆಳಗಿನಿಂದ ಓನರ್ ಕೋಕಿಲಾ ಆಂಟಿ ಕೂಗುತ್ತಿದ್ದರು. ಈಗ ಅವಳು ಬಿ.ಕಾಂ. ಕೊನೆಯ ವರ್ಷ. ಪಿಯಾನೊ ಪರೀಕ್ಷೆಗಳನ್ನೂ ಪಾಸು ಮಾಡಿದ್ದಳು. ಮದುವೆಗಳಿಗೆ, ಸಂಜೆಯ ಆರಾಧನೆಗೆ ನುಡಿಸುತ್ತಿದ್ದಳು. ಭಾನುವಾರ ಬೆಳಗ್ಗೆ ಮಾತ್ರ ಟೀಚರ್ ಪಕ್ಕದಲ್ಲಿ ನಿಂತು ಹಾಳೆ ಮಗುಚುವುದೇ ಅವಳ ಕೆಲಸ.

ಹಾಗೆ ನಿಂತಿದ್ದರಿಂದಲೇ ಅವಳಿಗೆ ಎಲ್ಲರಿಗಿಂತ ಮೊದಲು ತಿಳಿದಿತ್ತು: ಟೀಚರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆರ್ಗನ್ನಿನ ನಾದ ಕಾಲಿಗೆ, ಬೆರಳಿಗೆ ತಿಳಿಯುತ್ತಿತ್ತು. ಜನರ ದನಿ ಮುಟ್ಟುತ್ತಿರಲಿಲ್ಲ. ಹೋದ ತಿಂಗಳು ಒಂದು ಶವಸಂಸ್ಕಾರದಲ್ಲಿ ಎಲ್ಲರೂ ಹಾಡು ನಿಲ್ಲಿಸಿದ ಮೇಲೂ ಅವರು ಇನ್ನೊಂದು ಚರಣ ನುಡಿಸಿದ್ದರು. ತೀರಿಹೋದವರ ಮಗಳು ಕಣ್ಣೀರು ಒರೆಸಿಕೊಳ್ಳುವುದನ್ನು ಬಿಟ್ಟು ತಿರುಗಿ ನೋಡಿದ್ದಳು.

ಶನಿವಾರ ಚೇತನಾ ಮಾರೇನಹಳ್ಳಿಯ ಟೀಚರ್ ಮನೆಗೆ ಹೋದಳು. ಅವರು ಹುರುಳಿಕಾಯಿ ಸೋಸುತ್ತಾ ಕೂತಿದ್ದರು.

"ಟೀಚರ್, ನಾಳೆ ಆರಾಧನೆ ಏಳೂವರೆಗೆ."

"ಏನು?"

ಅವಳು ಗಟ್ಟಿಯಾಗಿ ಹೇಳಿದಳು. ಕಮಿಟಿಯ ತೀರ್ಮಾನವನ್ನೂ ಹೇಳಿದಳು. ಕಡೆಗೆ, "ನಿಮಗೆ ಜನ ಹಾಡೋದು ಕೇಳಿಸ್ತಿಲ್ಲ ಟೀಚರ್" ಎಂದಳು. ಅಷ್ಟು ಗಟ್ಟಿಯಾಗಿ ಅದನ್ನು ಹೇಳಬೇಕಾಗಿ ಬಂದಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಟೀಚರ್ ಮುಖ ಬಿಗಿಯಿತು. "ನನ್ನ ಜಾಗ ಬೇಕಿತ್ತಾ ನಿಂಗೆ? ಆರ್ಗನ್ ಬೀಗದ ಕೈ ನನ್ನ ಹತ್ರಾನೇ ಇದೆ. ಹೋಗು."

ಭಾನುವಾರ ಏಳು ಇಪ್ಪತ್ತಾದರೂ ಆರ್ಗನ್ನಿನ ಮುಚ್ಚಳಕ್ಕೆ ಬೀಗ ಹಾಕಿಯೇ ಇತ್ತು. ಗೇಟಿನ ಬಳಿ ಜನ ಗರಿ ಹಿಡಿದು ಸಾಲಾಗಿ ನಿಂತಿದ್ದರು. ಸತ್ಯಪಾಲ್ ಹತ್ತಿರ ಬಂದು ಹಲ್ಲು ಕಚ್ಚಿ ಕೇಳಿದರು: "ಹೇಳ್ಬಿಟ್ಯಾ?"

"ಹೇಳ್ದೆ ಅಂಕಲ್."

ಅವರು ಬಾಯಿ ತೆರೆಯುವಷ್ಟರಲ್ಲಿ ಟೀಚರ್ ಪಕ್ಕದ ಬಾಗಿಲಿನಿಂದ ಬಂದರು. ಯಾರ ಮುಖವನ್ನೂ ನೋಡದೆ ಬೀಗ ತೆಗೆದು ಕೂತು, ಮೊದಲ ಕೀರ್ತನೆ ಎತ್ತಿಕೊಂಡರು. ಚೇತನಾ ಎಂದಿನಂತೆ ಪಕ್ಕದಲ್ಲಿ ನಿಂತಳು.

ಮೆರವಣಿಗೆ ಒಳಗೆ ಬರುತ್ತಿದ್ದಂತೆ ಹಾಡು ನಿಧಾನವಾಯಿತು. ಆರ್ಗನ್ ನಿಲ್ಲದೆ ಮುಂದೆ ಹೋಯಿತು. ಹಿಂದಿನ ಬೆಂಚಿನವರು ಒಂದು ಸಾಲು, ಮುಂದಿನವರು ಇನ್ನೊಂದು. ಪಾದ್ರಿ ಅಯ್ಯನವರು ವೇದಿಕೆಯಿಂದ ಚೇತನಾಳಿಗೆ ಕಣ್ಸನ್ನೆ ಮಾಡಿದರು. ಅವಳು ಟೀಚರ್ ಹೆಗಲ ಮೇಲೆ ಕೈಯಿಟ್ಟು, ಜನರ ಹಾಡಿಗೆ ಸರಿಯಾಗಿ ಬೆರಳಲ್ಲಿ ತಟ್ಟತೊಡಗಿದಳು. ಟೀಚರ್ ಹೆಗಲು ಕೊಡವಿದರು. ಅವಳು ಕೈ ತೆಗೆಯಲಿಲ್ಲ. ಮೂರನೇ ಚರಣದಲ್ಲಿ ಆರ್ಗನ್ ತಡೆದು, ಕಾದು, ಜನರ ಜೊತೆ ಸೇರಿಕೊಂಡಿತು.

ಪ್ರಾರ್ಥನೆ ನಡೆಯುತ್ತಿದ್ದಾಗ ಟೀಚರ್ ಕೇಳಿದರು, ಪಿಸುಮಾತೆಂದುಕೊಂಡು; ಮುಂದಿನ ಬೆಂಚಿಗೆಲ್ಲ ಕೇಳಿಸಿತು. "ಎಷ್ಟು ಮುಂದೆ ಹೋಗಿದ್ದೆ?"

ಚೇತನಾ ಎರಡು ಬೆರಳು ತೋರಿಸಿದಳು. ಎರಡು ಸಾಲು.

ಟೀಚರ್ ಆರ್ಗನ್ನಿನ ಮನೆಗಳ ಮೇಲಿಂದ ಕೈ ತೆಗೆದರು. ಆಮೇಲೆ ಎದ್ದು ಹೋಗಿ ಹಾಡುವ ಕ್ವಾಯರ್‌ನವರ ಬೆಂಚಿನ ತುದಿಯಲ್ಲಿ ಕೂತರು.

ಮಿಕ್ಕ ಮೂರು ಕೀರ್ತನೆಗಳನ್ನು ಚೇತನಾ ನುಡಿಸಿದಳು. ಎರಡು ಕಡೆ ಕಾಲು ತಪ್ಪಿತು. ಆರಾಧನೆ ಮುಗಿದ ಮೇಲೆ ಸತ್ಯಪಾಲ್ ಕೈಮುಗಿದುಕೊಂಡು ಟೀಚರ್ ಬಳಿ ಬಂದರು. "ನಿಮ್ಮ ಮನಸ್ಸಿಗೆ ನೋವಾಗ್ಬಾರ್ದು ಅಂತ..."

"ಮೂವತ್ತೊಂದು ವರ್ಷ ಆದ್ಮೇಲೆ ಟೈಮ್ ಬದಲಾಗಿದ್ದನ್ನ ಈ ಹುಡುಗಿ ಬಂದು ಹೇಳ್ಬೇಕಾಯ್ತು" ಎಂದರು ಟೀಚರ್. ಬೀಗದ ಕೈಯನ್ನು ಚೇತನಾಳಿಗೆ ಕೊಡದೆ ಆರ್ಗನ್ ಮೇಲಿಟ್ಟು ಹೊರಟುಹೋದರು.

ಶುಭ ಶುಕ್ರವಾರದ ಮೂರು ಗಂಟೆ ಕಾಲದ ಆರಾಧನೆಯನ್ನೂ, ಈಸ್ಟರನ್ನೂ ಚೇತನಾ ಒಬ್ಬಳೇ ನಿಭಾಯಿಸಿದಳು. ಜನ ಹೊಗಳಿದರು. ಅವಳಿಗೆ ಊಟ ಸೇರಲಿಲ್ಲ. ಎರಡು ಸಲ ಮಾರೇನಹಳ್ಳಿಗೆ ಹೋದರೂ ಟೀಚರ್ ಬಾಗಿಲು ತೆಗೆಯಲಿಲ್ಲ. ಕರೆಗಂಟೆ ಕೇಳಿಸಲಿಲ್ಲವೋ, ಕೇಳಿಸಿಯೂ ಏಳಲಿಲ್ಲವೋ.

ಮೇ ತಿಂಗಳ ಮೊದಲ ಭಾನುವಾರ ಅವರು ಕಿವಿಗೆ ಮಿಷನ್ ಹಾಕಿಸಿಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಜನರೆಲ್ಲ ಹೋಗುವ ತನಕ ಕಾದಿದ್ದು ಆರ್ಗನ್ ಬಳಿ ಬಂದರು.

"ಎರಡನೇ ಕೀರ್ತನೆ ತುಂಬಾ ಎಳೀತಿದೀಯ. ಜನಕ್ಕೆ ಉಸಿರು ಸಾಲಲ್ಲ ಕಣೇ" ಎಂದರು. "ಬುಧವಾರ ಮನೆಗೆ ಬಾ."