ಎಬಿಯ ಪಾಲಿನ ವಚನಗಳು

ರವೀಂದ್ರ ಒಂದಲ್ಲ, ಐದಾರು ಹಾಳೆಗಳನ್ನು ಒಟ್ಟಿಗೆ ಮಗುಚಿದ. ಮಗುಚಿ, ಏನೂ ಆಗದವನಂತೆ ಗಂಟಲು ಸರಿಮಾಡಿಕೊಂಡು, “ನೂರ ಇಪ್ಪತ್ತನೇ ಕೀರ್ತನೆ” ಎಂದ.

“ನಿನ್ನೆ ಓದಿದ್ದು ನೂರಾ ಹದಿನೆಂಟು” ಎಂದಳು ಅವನ ಹೆಂಡತಿ ಜಯಶೀಲಾ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಂದು ವರ್ಷದಿಂದ ಓದುವ ಹೊತ್ತಿಗೆ ಅವಳು ನಿಲ್ಲುವ ಜಾಗ ಅದೇ. ಕೈ ಒರೆಸಿಕೊಂಡು ಬಂದವಳು ಚಾಪೆಯ ಮೇಲೆ ಗಂಡನ ಬಲಕ್ಕೆ, ಮೊದಲೆಲ್ಲ ಕೂರುತ್ತಿದ್ದಲ್ಲಿಯೇ ಕುಳಿತಳು. ಮಗಳು ರಂಜನಾ ಗಾಬರಿಯಿಂದ ಅಪ್ಪನ ಮುಖ ನೋಡಿದಳು.

ಆ ಮನೆಯ ಪದ್ಧತಿ ಹೀಗೆ. ಜನವರಿ ಒಂದಕ್ಕೆ ಬೈಬಲಿನ ಕೀರ್ತನೆಗಳು ಶುರು, ದಿನಕ್ಕೊಂದು, ಅವು ಮುಗಿದ ಮೇಲೆ ಬೇರೆ ಅಧ್ಯಾಯಗಳು. ಸಂಜೆ ಆರೂವರೆಗೆ ಚಾಪೆ ಹಾಸಬೇಕು. ಇರುವುದು ಒಂದೇ ಸತ್ಯವೇದ. ಅಪ್ಪ ಒಂದು ವಚನ ಓದಿ ಅಮ್ಮನ ಕೈಗೆ, ಅಮ್ಮ ಓದಿ ಮಗ ಎಬಿನೇಸರನ ಕೈಗೆ, ಎಬಿ ಓದಿ ತಂಗಿಯ ಕೈಗೆ, ಅವಳಿಂದ ಮತ್ತೆ ಅಪ್ಪನಿಗೆ. ಅಧ್ಯಾಯ ಮುಗಿಯುವವರೆಗೆ ಯಾರೂ ಏಳುವ ಹಾಗಿಲ್ಲ, ಬಾಗಿಲಿಗೆ ಯಾರೇ ಬರಲಿ. ನಿಟ್ಟೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿರುವ, ಹೊಸನಗರದ ಸಭೆಯಲ್ಲಿ ಹಿರಿಯನೆನಿಸಿಕೊಂಡ ರವೀಂದ್ರನಿಗೆ ಈ ವಿಷಯದಲ್ಲಿ ಬಿಟ್ಟರೆ ಬೇರೆಲ್ಲೂ ಅಂಥ ಹಠವಿರಲಿಲ್ಲ. ಇದ್ದದ್ದೊಂದೇ ಹಠ, ಅದೇ ಮನೆ ಹಾಳು ಮಾಡಿತು.

ದಿನಕ್ಕೊಂದರ ಲೆಕ್ಕದಲ್ಲಿ ನೂರಾ ಹತ್ತೊಂಬತ್ತನೆಯ ಕೀರ್ತನೆ ಬರುವುದು ಏಪ್ರಿಲ್ ಕೊನೆಗೆ. ಸತ್ಯವೇದದಲ್ಲೇ ಉದ್ದದ ಅಧ್ಯಾಯ, ನೂರ ಎಪ್ಪತ್ತಾರು ವಚನ. ಹೋದ ವರ್ಷ ಆ ಸಂಜೆ ಎಬಿಗೆ ತಲೆನೋವಿತ್ತು. ಆ ವಾರವೇ ಅವನು ಕೊಟ್ಟಿಗೆಗೆ ಹಾಸುವ ಒಣ ದರಗೆಲೆ ತರಲು ಕಾಡಿನಂಚಿಗೆ ಹೋಗಿದ್ದ. ಅಲ್ಲಿ ಮಂಗ ಸತ್ತಿದೆಯೆಂದು ಆಮೇಲೆ ಗೊತ್ತಾಯಿತು. “ಇವತ್ತೊಂದಿನ ಬಿಡ್ಲಾ ಅಪ್ಪಾ” ಎಂದು ಕೇಳಿದ. ಹತ್ತೊಂಬತ್ತರ ಹುಡುಗ, ಎರಡು ತಿಂಗಳಿಂದ ಓದಿನಿಂದ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದ. ಇದೂ ಅಂಥದ್ದೇ ಎಂಬಂತೆ ರವೀಂದ್ರ, ಮುಗಿಸಿ ಏಳು ಎಂದ. ಮುಗಿಯುವಾಗ ಎಂಟು ದಾಟಿತ್ತು. ಎಬಿ ಉಣ್ಣದೆ ಮಲಗಿದ. ಬೆಳಗಿನ ಜಾವ ವಸಡಿನಿಂದ ರಕ್ತ ಬಂತು. ಮಂಗನ ಕಾಯಿಲೆ. ಶಿವಮೊಗ್ಗದಲ್ಲಿ ನಾಲ್ಕು ದಿನ ಇದ್ದು ತೀರಿಕೊಂಡ. ಹಿಂದಿನ ಸಂಜೆಯೇ ತಂದಿದ್ದರೆ ಎಂದು ಡಾಕ್ಟರು ಶುರು ಮಾಡಿದ ಮಾತನ್ನು ಮುಗಿಸಲಿಲ್ಲ.

ಸಭೆಯ ಅಯ್ಯನವರಿಗೆ, ನೆಂಟರಿಗೆ, ಕೇಳಿದವರಿಗೆಲ್ಲ ರವೀಂದ್ರ ಹೇಳಿದ್ದು ಒಂದೇ. ಓದುವಾಗ ಹುಡುಗ ಚೆನ್ನಾಗಿಯೇ ಇದ್ದ, ಜ್ವರ ಬಂದದ್ದು ರಾತ್ರಿ. ಜಯಶೀಲಾ ಹೊರಗಿನವರ ಮುಂದೆ ಅದನ್ನು ಅಲ್ಲಗಳೆಯಲಿಲ್ಲ. ಮನೆಯೊಳಗೆ ಮಾತ್ರ, ಊಟ ಬಡಿಸುವಾಗ, ದೀಪ ಆರಿಸುವಾಗ, ನಿಮಗೆ ಗೊತ್ತಿತ್ತು ಎನ್ನುತ್ತಿದ್ದಳು. ಇಲ್ಲ ಎನ್ನುತ್ತಿದ್ದ ಅವನು. ಈ ಒಂದು ‘ಇಲ್ಲ’ದ ಮೇಲೆ ಅವರ ಸಂಸಾರ ನಿಂತಿತ್ತು, ಬೀಳಲೂ ಆಗದೆ. ನಿಜ ಒಪ್ಪಿಕೊಂಡರೆ ಈ ಮನುಷ್ಯನ ಜೊತೆ ಬದುಕಬಲ್ಲೆ, ಇಲ್ಲದಿದ್ದರೆ ರಂಜನಾಳ ಪರೀಕ್ಷೆ ಮುಗಿದ ಮೇಲೆ ಕೋಣಂದೂರಿನ ಅಕ್ಕನ ಮನೆಗೆ ಹೊರಟುಹೋಗುವುದೆಂದು ಅವಳು ತೀರ್ಮಾನಿಸಿದ್ದಳು. ಪರೀಕ್ಷೆ ಮುಗಿದು ತಿಂಗಳಾಗಿತ್ತು.

ಮಣ್ಣು ಮಾಡಿ ಎಂಟನೆಯ ದಿನಕ್ಕೇ ರವೀಂದ್ರ ಮತ್ತೆ ಚಾಪೆ ಹಾಸಿದ್ದ. ಎಂಥಾ ಗಂಡಸಪ್ಪಾ ಎನಿಸಿತ್ತು ಅವಳಿಗೆ. ತನ್ನ ಸರದಿ ಬಂದಾಗ ಪುಸ್ತಕ ಮುಟ್ಟದೆ ಎದ್ದುಹೋದಳು. ಎಬಿಯ ಸರದಿಯನ್ನು ಯಾರೂ ಓದುವುದು ಬೇಡ ಎಂದ ಅವನು. ಅಂದಿನಿಂದ ಅಪ್ಪ ಒಂದು ವಚನ, ಆಮೇಲೆ ಎರಡು ವಚನದಷ್ಟು ಹೊತ್ತು ಮೌನ, ಆಮೇಲೆ ಮಗಳು ಒಂದು ವಚನ. ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಮೌನ ಕೇಳುವುದು ಅವಳಿಗೆ ಶಿಕ್ಷೆಯಾಗಿತ್ತು.

ಶಾಲೆಯ ಬಿಸಿಯೂಟದ ಅಡುಗೆ ಅವಳ ಕೆಲಸ. ಮಳೆಗಾಲದ ಒಂದು ಮಧ್ಯಾಹ್ನ, ಪಾತ್ರೆ ತೊಳೆದಿಟ್ಟು ಕೂತಾಗ ಮಗನ ವಚನಗಳು ಯಾರ ಬಾಯಿಗೂ ಬೀಳದೆ ಹಾಗೇ ಉಳಿದಿವೆಯಲ್ಲ ಎಂದು ಹೊಳೆಯಿತು. ಮರುದಿನ ಚೀಲದಲ್ಲಿ ಸತ್ಯವೇದ ತಂದಳು. ಹಿಂದಿನ ಸಂಜೆಯ ಅಧ್ಯಾಯ ತೆಗೆದು ಮೂರನೆಯ ವಚನ, ಏಳನೆಯದು, ಹನ್ನೊಂದನೆಯದು, ಹೀಗೆ ಎಬಿಯ ಪಾಲಿನದನ್ನಷ್ಟೇ ಓದಿದಳು. ತಲೆಬುಡ ತಿಳಿಯಲಿಲ್ಲ. ತಿಳಿಯಲೆಂದು ಹಿಂದಿನದು ಮುಂದಿನದು ಓದಬೇಕಾಯಿತು. ತನ್ನ ಪಾಲಿನದನ್ನು ಮಾತ್ರ ಕಣ್ಣು ಹಾಯಿಸಿ ಬಿಟ್ಟುಬಿಡುತ್ತಿದ್ದಳು.

ಚಿಕ್ಕಂದಿನಿಂದ ಓದಿದ ಪುಸ್ತಕ, ಅದರಲ್ಲಿ ಏನಿದೆಯೆಂದು ಅವಳಿಗೆ ಗೊತ್ತಾದದ್ದು ಹಾಗೆ. ಒಂದು ದಿನವೂ ತಪ್ಪಿಸಲಿಲ್ಲ. ಈ ವರ್ಷ ಮಾರ್ಚಿನಲ್ಲಿ ಎಂಬತ್ತೆಂಟನೆಯ ಕೀರ್ತನೆ ಬಂತು. ಕೂಗಿ ಕೂಗಿ ಸಾಕಾದ ಯಾವನೋ ಒಬ್ಬ, ಸ್ತೋತ್ರವಿಲ್ಲ ಸಮಾಧಾನವಿಲ್ಲ, ಕತ್ತಲೆಯ ಮಾತಾಡಿಯೇ ನಿಲ್ಲಿಸಿಬಿಟ್ಟಿದ್ದ. ಇಂಥವನ ಮಾತನ್ನೂ ಕಿತ್ತೆಸೆಯದೆ ಇಟ್ಟುಕೊಂಡಿದ್ದಾರಲ್ಲ ಎಂದು ಅವಳು ಒಲೆಯ ಮುಂದೆ ಅತ್ತಳು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ದೇವರ ಹತ್ತಿರ ಮಾತಾಡಿದಳು. ಮಾತೇನು, ಜಗಳ. ಜಗಳಕ್ಕಾದರೂ ಎದುರಿಗೆ ಒಬ್ಬ ಇರಬೇಕಲ್ಲ, ಇದ್ದ ಎನಿಸಿತು. ಅಂದಿನಿಂದ ದಿನಾ ಕೇಳಿದ್ದು ಒಂದೇ, ಕರ್ತನೇ, ಈ ಮನೆಯಲ್ಲಿ ನಿಜ ಹೊರಡಿಸು.

ಅದಕ್ಕೇ ಈ ಸಂಜೆ ಚಾಪೆಗೆ ಬಂದಿದ್ದಳು.

“ಇದೊಂದು ಬೇಡ ಜಯಾ” ಎಂದ ರವೀಂದ್ರ. “ನಾಳೆಯಿಂದ ನೀ ಹೇಳಿದ್ದು ಓದ್ತೀನಿ.”

“ಓದಿ. ನಂದು ನಾನು ಓದ್ತೀನಿ. ಎಬಿದೂ ನಾನೇ ಓದ್ತೀನಿ.”

ಅವನು ಹಾಳೆಗಳನ್ನು ಹಿಂದಕ್ಕೆ ತಿರುಗಿಸಿದ. ಒಂದನೆಯ ವಚನ ಓದಿ ಪುಸ್ತಕ ದಾಟಿಸಿದ. ಅವಳು ತನ್ನ ಎರಡನೆಯದನ್ನೂ ಎಬಿಯ ಮೂರನೆಯದನ್ನೂ ಓದಿ, ಖಾಲಿ ಜಾಗದಾಚೆ ಕೈ ಚಾಚಿ ರಂಜನಾಳಿಗೆ ಕೊಟ್ಟಳು. ಯಾರೂ ತಲೆ ಎತ್ತಲಿಲ್ಲ. ಹೊರಗೆ ಇನ್ನೂ ಬೆಳಕಿತ್ತು, ರಸ್ತೆಯಲ್ಲಿ ಹಾಲಿನ ಗಾಡಿ ಹೋಯಿತು. ಏಳು ಸುತ್ತು ಮುಗಿದು ಪುಸ್ತಕ ಮತ್ತೆ ರವೀಂದ್ರನ ಕೈಗೆ ಬಂದಾಗ ಅವನ ಪಾಲಿಗೆ ಬಿದ್ದದ್ದು ಇಪ್ಪತ್ತೊಂಬತ್ತನೆಯದು. ಸುಳ್ಳಿನ ದಾರಿಯಿಂದ ನನ್ನನ್ನು ದೂರವಿಡು ಎಂದು ಬೇಡುವ ವಚನ.

ಅವನು ಬಾಯಿ ತೆರೆದ. ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡ. ಜಯಶೀಲಾ ಕಾದಳು. ವರ್ಷವಿಡೀ ಕಾದವಳಿಗೆ ಇದೇನು ದೊಡ್ಡದಲ್ಲ.

“ಅವನ ಕಣ್ಣು ಕೆಂಪಾಗಿತ್ತು” ಎಂದ ಕೊನೆಗೆ, ಪುಸ್ತಕಕ್ಕೆ ಹೇಳುವವನಂತೆ. “ಎದುರಿಗೇ ಕೂತಿದ್ನಲ್ಲ, ನೋಡಿದ್ದೆ. ಬಾಡಿಗೆ ಜೀಪಿನ ಹೂವಯ್ಯ ಗಾಡಿ ನಿಲ್ಲಿಸಿ ಹಾರ್ನ್ ಹೊಡ್ದ, ಹೊಸನಗರಕ್ಕೆ ಯಾರಾದ್ರೂ ಬರ್ತೀರಾ ಅಂತ. ಅದ್ರಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗೋ ಬದ್ಲು ನಾನು ಕಿಟಕಿಯಿಂದ ಕೈ ಬೀಸಿ ಹೋಗು ಅಂದೆ. ಎಬಿ ಒಂದ್ಸಲ ಬಗ್ಗಲಿ ಅಂತಿತ್ತು ನಂಗೆ. ಗೊತ್ತಿತ್ತು ಜಯಾ. ಜ್ವರ ಅಂತ ಗೊತ್ತಿತ್ತು.”

ಆಮೇಲೆ ಇಪ್ಪತ್ತೊಂಬತ್ತನ್ನು ತಡವರಿಸಿ ಓದಿ ಪುಸ್ತಕವನ್ನು ಅವಳ ಕೈಗಿಟ್ಟ. ಅತ್ತದ್ದು ಕೊಟ್ಟ ಮೇಲೆ.

ಈ ಮಾತು ಕೇಳಿದರೆ ಎದೆಯ ಭಾರ ಇಳಿಯುತ್ತದೆಂದು ಅವಳು ನಂಬಿದ್ದಳು. ಇಳಿಯಲಿಲ್ಲ. ಪುಸ್ತಕ ಕೈಯಲ್ಲಿತ್ತು, ಮೂವತ್ತನೆಯ ವಚನ ಅವಳದು. ನಾನು ಸತ್ಯದ ದಾರಿಯನ್ನೇ ಆರಿಸಿಕೊಂಡಿದ್ದೇನೆ ಎಂದು ಅವಳು ತನ್ನ ಬಾಯಿಂದ ಓದಬೇಕಾಗಿತ್ತು. ಓದಿಬಿಡಬಹುದಾಗಿತ್ತು. ಒಂದು ವರ್ಷದ ಹಿಂದಿನ ಜಯಶೀಲಾ ಆಗಿದ್ದರೆ ಓದಿ ದಾಟಿಸುತ್ತಿದ್ದಳು.

“ನೀವು ದೂರದಿಂದ ಕಣ್ಣು ನೋಡಿದ್ರಿ” ಎಂದಳು. ಸ್ವರ ಎಲ್ಲಿಂದಲೋ ಬರುತ್ತಿತ್ತು. “ಪುಸ್ತಕ ಅವನ ಕೈಗೆ ಕೊಡ್ತಿದ್ದವ್ಳು ನಾನು. ನಲವತ್ನಾಲ್ಕು ಸಲ ಕೊಟ್ಟೆ. ಮೊದಲ್ನೇ ಸಲವೇ ಅವನ ಕೈ ಸುಡ್ತಿತ್ತು. ನೀವು ಬೈತೀರಿ ಅಂತ ಬಾಯಿ ಮುಚ್ಕೊಂಡೆ.”

ರವೀಂದ್ರ ತಲೆ ಎತ್ತಿ ಅವಳನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ. ಮೂವತ್ತನೆಯ ವಚನ ಓದಿದಳು. ನಿಲ್ಲಿಸದೆ ಎಬಿಯ ಮೂವತ್ತೊಂದನ್ನೂ ಓದಿದಳು. ಓದಿ, ಪುಸ್ತಕವನ್ನು ಮಗಳ ಕಡೆ ಚಾಚಿದಳು.

ರಂಜನಾ ತೆಗೆದುಕೊಳ್ಳಲಿಲ್ಲ. ತಲೆ ತಗ್ಗಿಸಿಕೊಂಡು, ಆ ಸಂಜೆ ಅಣ್ಣನ ಕೈಯಿಂದ ಅಷ್ಟೇ ಸಲ ಪುಸ್ತಕ ತೆಗೆದುಕೊಂಡಿದ್ದ ಎರಡೂ ಅಂಗೈಗಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು. ಒರೆಸಿಕೊಳ್ಳುತ್ತಲೇ ಇದ್ದಳು.