ಸವೆದ ಪಟ್ಟಿ

ಹೊಸ ಬಲೆಯ ಕಣ್ಣಿನೊಳಗೆ ಸೊಸೆಯ ಕಿರುಬೆರಳೂ ತೂರಲಿಲ್ಲ. ಅಟ್ಟದಿಂದ ಇಳಿಸಿದ ಹಳೆಯ ಬಲೆಯಲ್ಲಾದರೆ ಎರಡು ಬೆರಳು ಸಲೀಸಾಗಿ ಹೋಗಿ ಬರುತ್ತಿದ್ದವು. ಎರಡನ್ನೂ ಹೆಣೆದದ್ದು ಒಂದೇ ಕೈ, ಒಂದೇ ಬಿದಿರುಪಟ್ಟಿಯ ಅಳತೆಗೆ.

"ಅತ್ತೆ, ಪಟ್ಟಿ ಬದಲಾಯಿಸಿದ್ರಾ?"

"ಹುಚ್ಚಿ! ನಮ್ಮತ್ತೆ ಕೊಟ್ಟ ಪಟ್ಟಿ ಅದು. ಗಂಡನ್ನ ಬೇಕಾದ್ರೆ ಬದಲಾಯಿಸ್ತಿದ್ದೆ, ಅದನ್ನಲ್ಲ." ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ದೃಷ್ಟಿ ಹೋಗಿ ಎಷ್ಟೋ ಕಾಲವಾಗಿತ್ತು; ಪಟ್ಟಿಗೆ ನೂಲು ಸುತ್ತಿ ಗಂಟು ಬಿಗಿಯುವುದನ್ನು ಮಾತ್ರ ಬೆರಳುಗಳು ಬಿಟ್ಟಿರಲಿಲ್ಲ.

ಸೊಸೆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನೂಲು ಹಾಯುವ ಅಂಚು ಯಾರೋ ನೆಕ್ಕಿ ನೆಕ್ಕಿ ತಿಂದ ಹಾಗೆ ಸವೆದು ತಗ್ಗಾಗಿತ್ತು. ಪಟ್ಟಿ ಸವೆದಂತೆ ಬಲೆಯ ಕಣ್ಣೂ ಕಿರಿದಾಗಿತ್ತು, ಬಲೆಯಿಂದ ಬಲೆಗೆ ಕೂದಲೆಳೆಯಷ್ಟು. ಯಾರ ಗಮನಕ್ಕೂ ಬಾರದಷ್ಟು.

ಹೊರಗೆ ಮರಳಿನ ಮೇಲೆ ನಿನ್ನೆ ಹಿಡಿದದ್ದು ಒಣಗುತ್ತಿತ್ತು. ಉಗುರುದ್ದದ ಮರಿಗಳು, ಬೆನ್ನುಮೂಳೆ ಕಾಣುವಷ್ಟು ತೆಳು ಮೈ. ಹಕ್ಕಿಗಳೂ ಅತ್ತ ಸುಳಿದಿರಲಿಲ್ಲ.

"ಕೇಳಿಸ್ತೇನೇ? ದಡದ ನೀರಲ್ಲಿ ಮೀನು ಸಿಡೀತಿವೆ," ಎಂದಳು ಅತ್ತೆ.

ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಆ ಸದ್ದು ಕೇಳಿದ್ದಳು. ಹೊತ್ತಿಳಿದರೆ ಸಾಕು, ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ದಡವೆಲ್ಲ ಸಿಡಿಯುತ್ತಿತ್ತು. ಈಗ ಅತ್ತೆ ಬೆರಳು ಮಾಡಿದ ಕಡೆ ನೀರು ಅಲುಗಲೂ ಇಲ್ಲ.

ಗಂಡ ಬಾಗಿಲಲ್ಲಿ ನಿಂತಿದ್ದ. "ಬಲೆ ಮುಗೀತಾ? ನಾಳೆನೂ ಕೈಗೆ ಹತ್ತಲಿಲ್ಲ ಅಂದ್ರೆ ದೋಣಿ ಕವುಚಿ ಹಾಕಿ ಸಮುದ್ರದ ಋಣ ತೀರ್ತು ಅಂತೀನಿ."

"ಹಳೇ ಬಲೆ ಒಯ್ಯಿ. ಮರಿಗಳನ್ನೇ ಬಾಚಿದ್ರೆ ಮೊಟ್ಟೆ ಇಡೋರು ಯಾರು?" ಎಂದಳು ಸೊಸೆ.

"ಇರೋದೇ ಮರಿಗಳು, ಮಾರಾಯ್ತಿ! ಅವೂ ನುಸುಳಿ ಹೋದ್ರೆ ನಾನೇನು ನೀರು ಸೋಸ್ಕೊಂಡು ಬರ್ಲಾ?"

"ಈಗ ಮಾಡ್ತಿರೋದೂ ಅದನ್ನೇ."

ಅತ್ತೆ ಎರಡೂ ಬಲೆಗಳನ್ನು ತೊಡೆಯ ಮೇಲೆ ಎಳೆದುಕೊಂಡಳು. ಹಳೆಯದರಲ್ಲಿ ಎರಡು ಬೆರಳು ಹೋದವು. ಹೊಸದರಲ್ಲಿ ತುದಿಯೇ ನಿಂತಿತು. ಮತ್ತೆ ಮತ್ತೆ ತೂರಿಸಿ ನೋಡಿದಳು. ಮುಖದ ನಗು ಎಲ್ಲಿ ಹೋಯಿತೋ.

"ನನ್ನ ಕೈಯಲ್ಲೇ ಹೀಗಾಯ್ತಲ್ಲ," ಎಂದಳು. "ಹಾಗಾದ್ರೆ ನನಗೆ ದಿನಾ ಕೇಳಿಸೋದು ಯಾವ ಕಾಲದ್ದೇ?"

ಮುದುಕಿ ಒಲೆಯ ಕಾವಿನ ಜಾಡು ಹಿಡಿದು ತೆವಳಿ, ಪಟ್ಟಿಯನ್ನು ಕೆಂಡಕ್ಕೆ ಹಾಕಿದಳು. ಅಷ್ಟು ಒಣಗಿದ ಬಿದಿರಾದರೂ ಉರಿ ಹತ್ತದೆ ಬಹಳ ಹೊತ್ತು ಬರೀ ಹೊಗೆಯಾಡಿತು.

ಮರುದಿನ ಅವನು ಹಳೆಯ ಬಲೆಯನ್ನೇ ಒಯ್ದ. ಹೊತ್ತಿಳಿಯುವಾಗ ಬಂದವನ ಬುಟ್ಟಿಯಲ್ಲಿ ತಳ ಮುಚ್ಚುವಷ್ಟೇ ಮೀನಿತ್ತು, ಎಲ್ಲ ಬಲಿತವು.

"ಎತ್ತುವಾಗ ಮರಿಗಳೆಲ್ಲ ಕಣ್ಣೆದುರೇ ಸೋರಿಹೋದ್ವು," ಎಂದ. "ಹೊಗೆ ಹೋದ ಹಾಗೆ." ಕವುಚಲೆಂದು ದೋಣಿಯ ಅಂಚಿಗೆ ಹೆಗಲು ಕೊಟ್ಟ. ದೋಣಿ ಒಂದು ಮಗ್ಗುಲಿಗೆ ವಾಲಿ ಮೇಲೆದ್ದಿತು.

"ತಡಿಯೋ," ಎಂದಳು ಮರಳಲ್ಲಿ ಕೂತಿದ್ದ ಅವ್ವ. "ಕೇಳು."

ಅವನು ಉಸಿರು ಬಿಗಿಹಿಡಿದ. ಸೊಸೆಯೂ ಕಿವಿಗೊಟ್ಟಳು. ನೀರು ಎಣ್ಣೆಯ ಹಾಗೆ ನಿಂತಿತ್ತು.

ಅವನು ದೋಣಿಯನ್ನು ಮೆಲ್ಲಗೆ, ಸದ್ದಾಗದಂತೆ, ಮೊದಲಿದ್ದ ಹಾಗೆಯೇ ಇಳಿಸಿದ. ಕತ್ತಲಾಗುತ್ತಿದ್ದ ನೀರಿನ ಕಡೆ ಮುದುಕಿ ಎರಡು ಬೆರಳು ಅಗಲಿಸಿ ಚಾಚಿದ್ದಳು, ನಡುವೆ ಏನೋ ಹಾದುಹೋಗುತ್ತಿದೆ ಎಂಬಂತೆ.