ದಾಸಣ್ಣನ ನಂಬರು

ಹಿರಿಯೂರಿನ ಹೆದ್ದಾರಿ ಬದಿಯ ಎಣ್ಣೆಗಾಣದ ಯಂತ್ರ ಮಾಡುವ ಕಾರ್ಖಾನೆಗೆ ಹೊಸ ಮಾಲೀಕರು ಬಂದು ಮೂರು ತಿಂಗಳಾಗಿತ್ತು. ಅಷ್ಟರಲ್ಲೇ ವೆಲ್ಡಿಂಗಿನ ಒಂಬತ್ತು ಜನ, ಪೇಂಟಿಂಗಿನ ಐದು ಜನ ಕೆಲಸ ಕಳೆದುಕೊಂಡು ಮನೆ ಸೇರಿದ್ದರು. ಪುನರ್ರಚನೆ ಎಂದು ಅದಕ್ಕೊಂದು ಚಂದದ ಹೆಸರು ಬೇರೆ. ಇವತ್ತು ಪರೀಕ್ಷೆ ವಿಭಾಗದ ಸರದಿ. ಅಲ್ಲಿದ್ದವರೇ ಇಬ್ಬರು, ದಾಸಣ್ಣ ಮತ್ತು ಅನುಸೂಯ. ಉಳಿಯುವವರು ಒಬ್ಬರೇ.

ಬೆಳಗಿನಿಂದ ಅನುಸೂಯಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತನ್ನೂರು ಹರಿಯಬ್ಬೆಯಿಂದ ಬರುವಾಗ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದಿದ್ದಳು.

ಅವರದು ಕಿವಿಯ ಕೆಲಸ. ಓಡುವ ಯಂತ್ರದ ಬೇರಿಂಗಿಗೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಒಳಗಿನ ಸದ್ದು ಕೇಳಬೇಕು. ಸದ್ದು ಸರಿಯಿದ್ದರೆ ತಮ್ಮ ನಂಬರಿನ ಪಂಚನ್ನು, ಅಂದರೆ ಉಕ್ಕಿನ ಅಚ್ಚನ್ನು, ಯಂತ್ರದ ತಗಡಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯಬೇಕು. ದಾಸಣ್ಣನದು ನಾಲ್ಕು, ಅವಳದು ಹತ್ತೊಂಬತ್ತು. ಅವಳಿಗೆ ಈ ವಿದ್ಯೆ ಕಲಿಸಿದವನೇ ದಾಸಣ್ಣ. ಹೆಂಗಸಿಗೇನು ತಿಳಿಯುತ್ತದೆ ಎಂದು ನಕ್ಕವರ ಬಾಯಿ ಮುಚ್ಚಿಸಿದವನೂ ಅವನೇ. ಆರು ವರ್ಷದ ಹಿಂದೆ ಅವನ ಕಿವಿ ಮಂದವಾಯಿತು. ಗೊತ್ತಾದರೆ ಕೆಲಸ ಹೋದೀತೆಂದು ಅಂದಿನಿಂದ ಅವಳೇ ಸದ್ದು ಕೇಳಿ, ಅವನು ಬಾರದ ದಿನ ಬಿಟ್ಟು ಎಲ್ಲ ಯಂತ್ರಕ್ಕೂ ಅವನ ನಂಬರನ್ನೇ ಹೊಡೆಯುತ್ತಿದ್ದಳು. ಯಾರಾದರೂ ಅವನನ್ನು ಕೂಗಿದರೆ ಭುಜ ಮುಟ್ಟಿ ಎಚ್ಚರಿಸುತ್ತಿದ್ದಳು. ಇದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಿದವರಲ್ಲ.

ಹೊಸ ಮ್ಯಾನೇಜರ್ ಬಾಲರಾಜು ತನ್ನ ಕೋಣೆಯಲ್ಲಿ ಅನುಸೂಯಳನ್ನು ಎದುರಿಗೆ ಕೂರಿಸಿಕೊಂಡು ಪಟ್ಟಿ ಹಿಡಿದು ಕೂತಿದ್ದ.

"ಏನಮ್ಮಾ, ಆರು ವರ್ಷದಾಗೆ ನಿಮ್ಮ ನಂಬರ್ ಬಿದ್ದಿರೋದು ಹನ್ನೊಂದೇ ಮಷಿನ್‌ಗೆ. ಮಿಕ್ಕಿದ್ದೆಲ್ಲ ದಾಸಣ್ಣಂದೇ ಐತೆ. ಇಷ್ಟು ದಿನ ಏನ್ ಮಾಡ್ತಿದ್ರಿ?"

ಅನುಸೂಯಳಿಗೆ ಮೈಯೆಲ್ಲ ಉರಿದುಹೋಯಿತು. ನಿಜ ನಾಲಿಗೆಯ ತುದಿಯವರೆಗೂ ಬಂತು. ದಾಸಣ್ಣನ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಅವಳ ಸಂಬಳ ಬಿಟ್ಟರೆ ಅವಳ ಮನೆಗೆ ಬೇರೆ ಗತಿಯಿರಲಿಲ್ಲ.

"ಕೆಲ್ಸ ಮಾಡ್ತಿದ್ದೆ ಸಾರ್," ಎಂದಳು ಅಷ್ಟೇ.

"ಆಯ್ತು, ಅವ್ರನ್ನೇ ಕೇಳಾಣ." ಬಾಲರಾಜು ಬಾಗಿಲಾಚೆ ನೋಡಿ ಕೂಗಿದ. "ದಾಸಣ್ಣಾ, ಒಳಗ್ ಬರ್ರಿ!"

ಹೊರಗಿನ ಬೆಂಚಿನ ಮೇಲೆ ದಾಸಣ್ಣ ಈ ಕಡೆಗೆ ಬೆನ್ನು ಹಾಕಿ ಕೂತು ತನ್ನ ಪಂಚನ್ನು ಬಟ್ಟೆಯಲ್ಲಿ ಉಜ್ಜುತ್ತಿದ್ದ. ಅಲುಗಲಿಲ್ಲ.

"ದಾಸಣ್ಣಾ!"

ಎದ್ದು ಮೂರು ಹೆಜ್ಜೆ ಇಟ್ಟಿದ್ದರೆ ಅವನ ಭುಜ ಸಿಗುತ್ತಿತ್ತು. ಅನುಸೂಯ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿ ಬಿಗಿಹಿಡಿದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಏಳಲಿಲ್ಲ.

ಬಾಲರಾಜು ಮೂರನೇ ಸಲವೂ ಕೂಗಿದ. ಆ ಬೆನ್ನನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಪಟ್ಟಿಯಲ್ಲಿ ನಾಲ್ಕನೇ ನಂಬರಿನವನ ಹೆಸರಿನ ಮೇಲೆ ಗೆರೆ ಎಳೆದ.

ಆಗ ದಾಸಣ್ಣ ತಾನಾಗಿಯೇ ಇತ್ತ ತಿರುಗಿದ. ಇಬ್ಬರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು, ಎಂದಿನ ನಂಬಿಕೆಯಿಂದ ಅವಳನ್ನೇ ಕೇಳಿದ.

"ಅನ್ಸೂಯವ್ವಾ, ನನ್ನ ಕರೆದ್ರೇನವ್ವಾ?"